ಸಮುದ್ರದ ಲೆಕ್ಕಪುಸ್ತಕದಲ್ಲಿ ಉಣ್ಣುವವರ ಹೆಸರು

ವಾಸ್ಕೊ ನಗರದ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. 1998ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ ಅಂಟಾರ್ಕ್ಟಿಕಾಕ್ಕೂ ಆರ್ಕ್ಟಿಕ್ ಪ್ರದೇಶಕ್ಕೂ ತೆರಳುವ ಭಾರತೀಯ ವಿಜ್ಞಾನಿಗಳ ತಂಡಗಳನ್ನು ಸಜ್ಜುಗೊಳಿಸುತ್ತದೆ. ಅದೇ ಊರಿನ ಖಾರೆವಾಡೊ ಧಕ್ಕೆಯಲ್ಲಿ ನಸುಕಿಗೆ ದೋಣಿಗಳು ಬಂದು ಮೀನು ಇಳಿಸುತ್ತವೆ. ಬೈನಾ, ಜುವಾರಿನಗರಗಳ ಕನ್ನಡ ಕುಟುಂಬಗಳ ಅಡುಗೆಮನೆಗೆ ಬಂಗುಡೆ, ತಾರಲೆಗಳು ಇಂಥ ಧಕ್ಕೆಗಳಿಂದಲೇ ಬರುತ್ತವೆ. ಗುಡ್ಡದ ಮೇಲಿನ ವಿಜ್ಞಾನಕ್ಕೂ ಕೆಳಗಿನ ಮೀನಿನ ಬುಟ್ಟಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಆ ಸಂಬಂಧವನ್ನು ಅರಿಯಲು ಮೊದಲು ಉತ್ತರ ಧ್ರುವದ ನೆರೆಯ ಜನರ ಊಟದ ಕಡೆ ನೋಡಬೇಕು.

ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್ ಹಾಗೂ ರಷ್ಯಾದ ಚುಕೋಟ್ಕಾಗಳಲ್ಲಿ ಸುಮಾರು 1,80,000 ಇನುಯಿಟ್ ಜನರು ವಾಸಿಸುತ್ತಾರೆ. ಅವರ ಸೀಮೆಯಲ್ಲಿ ಕೃಷಿಯೆಂಬುದು ಬಹುತೇಕ ಅಸಾಧ್ಯ. ಸೀಲ್, ತಿಮಿಂಗಿಲ, ಮೀನು, ಹಿಮಸಾರಂಗಗಳೇ ತಲೆತಲಾಂತರದ ಆಹಾರ. ಅಂಗಡಿಯ ಸಾಮಾನು ವಿಮಾನದಲ್ಲಿಯೋ ಬೇಸಿಗೆಯ ಹಡಗಿನಲ್ಲಿಯೋ ಬರಬೇಕಾದುದರಿಂದ ಬೆಲೆ ವಿಪರೀತ. ಕೆನಡಾದಲ್ಲಿ 2007–08ರಲ್ಲಿ ನಡೆದ ಇನುಯಿಟ್ ಆರೋಗ್ಯ ಸಮೀಕ್ಷೆಯು ನೂನವುಟ್ ಪ್ರಾಂತ್ಯದ 10 ಇನುಯಿಟ್ ಮನೆಗಳಲ್ಲಿ ಸುಮಾರು 7 ಮನೆಗಳಿಗೆ ಆಹಾರದ ಭದ್ರತೆ ಇಲ್ಲವೆಂದು ಕಂಡುಕೊಂಡಿತು. ಶ್ರೀಮಂತ ರಾಷ್ಟ್ರವೊಂದರ ಒಳಗೇ ಇರುವ ಹಸಿವು ಇದು.

ಆ ಸಮುದ್ರದ ಆಹಾರ ಜಾಲ ಮಂಜುಗಡ್ಡೆಯ ಅಡಿಯಿಂದ ಆರಂಭವಾಗುತ್ತದೆ. ಮಂಜುಗಡ್ಡೆಯ ತಳಭಾಗದಲ್ಲಿ ಪಾಚಿ ಬೆಳೆಯುತ್ತದೆ. ಅದನ್ನು ಕೋಪಿಪಾಡ್ ಎಂಬ, ಅಕ್ಕಿಕಾಳಿನಷ್ಟು ಚಿಕ್ಕದಾದ, ಕೊಬ್ಬು ತುಂಬಿದ ಜೀವಿಗಳು ತಿನ್ನುತ್ತವೆ. ಅವುಗಳನ್ನು ಧ್ರುವ ಕಾಡ್ ಎಂಬ ಸಣ್ಣ ಮೀನು, ಆ ಮೀನನ್ನು ಸೀಲ್ ಹಾಗೂ ಬೆಲೂಗಾ ತಿಮಿಂಗಿಲ, ಇವನ್ನು ಮನುಷ್ಯ. ಕಡಲು ಬೆಚ್ಚಗಾಗಿ ಮಂಜುಗಡ್ಡೆ ತೆಳುವಾದರೆ ಪಾಚಿಯ ಕಾಲವೂ ಪ್ರಮಾಣವೂ ಬದಲಾಗುತ್ತವೆ; ದಕ್ಷಿಣದ ಮೀನುಗಳು ಉತ್ತರಕ್ಕೆ ಸರಿಯುತ್ತವೆ. ಕೊಬ್ಬು ಹೆಚ್ಚಿರುವ ಕೋಪಿಪಾಡ್ ಇದ್ದ ಕಡೆಗೆ ಕೊಬ್ಬು ಕಡಿಮೆಯಿರುವ ಚಿಕ್ಕ ಜಾತಿ ಬರುತ್ತದೆ. ಭಾರತದ ‘ಹಿಮಾದ್ರಿ’ ಸಂಶೋಧನಾ ಠಾಣೆ 2008ರಿಂದ ಕೆಲಸ ಮಾಡುತ್ತಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಇನುಯಿಟರು ಇಲ್ಲ. ಆದರೆ ಅಲ್ಲಿನ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳನುಗ್ಗುತ್ತಿದೆ. ವಾಸ್ಕೊದ ಕೇಂದ್ರವು 2014ರಲ್ಲಿ ಅದೇ ಕೊಲ್ಲಿಯ ನೀರಿನಲ್ಲಿ ‘ಇಂಡಾರ್ಕ್’ ಎಂಬ ಮಾಪನ ವ್ಯವಸ್ಥೆಯನ್ನು ಇಳಿಸಿ, ಉಷ್ಣತೆ ಹಾಗೂ ಲವಣಾಂಶಗಳನ್ನು ಅಳೆಯುತ್ತ ಬಂದಿದೆ.

ಇಂತಹ ಬದಲಾವಣೆಯು ಕೊನೆಯಲ್ಲಿ ಉಣ್ಣುವವನ ತಟ್ಟೆಯನ್ನು ಹೇಗೆ ಮುಟ್ಟುತ್ತದೆಂದು ತಿಳಿಯಲು ವಿಜ್ಞಾನಿಗಳು ಆಹಾರ ಜಾಲದ ‘ಮಾದರಿ’ಗಳನ್ನು ರಚಿಸುತ್ತಾರೆ. ಹೆಸರು ಗಂಭೀರವಾದರೂ ಇದು ಮನೆಯ ತಿಂಗಳ ಜಮಾಖರ್ಚಿನ ಪುಸ್ತಕದಂತೆಯೇ. ಈ ವಿಧಾನಗಳಲ್ಲಿ ಹೆಸರಾದದ್ದು ‘ಇಕೋಪಾತ್’. 1984ರಲ್ಲಿ ಜೆಫ್ರಿ ಪೊಲೊವಿನಾ ಹವಾಯಿಯ ಹವಳದ ದಿಬ್ಬವೊಂದಕ್ಕಾಗಿ ಇದನ್ನು ರೂಪಿಸಿದರು. ಮುಂದೆ ಡೇನಿಯಲ್ ಪೌಲಿ, ವಿಲ್ಲಿ ಕ್ರಿಸ್ಟೆನ್ಸನ್ ಮೊದಲಾದವರು ಬೆಳೆಸಿದರು. ಸಮುದ್ರದ ಜೀವಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಒಟ್ಟು ತೂಕವೆಷ್ಟು, ವರ್ಷಕ್ಕೆ ಹೊಸದಾಗಿ ಬೆಳೆಯುವುದೆಷ್ಟು, ಏನನ್ನು ಎಷ್ಟು ತಿನ್ನುತ್ತದೆ, ಬಲೆಗೆ ಬೀಳುವುದೆಷ್ಟು ಎಂದು ಬರೆಯಬೇಕು. ಯಾರು ಯಾರನ್ನು ತಿನ್ನುತ್ತಾರೆಂಬುದು ಬಹುಮಟ್ಟಿಗೆ ಮೀನಿನ ಹೊಟ್ಟೆ ಸೀಳಿ ನೋಡುವುದರಿಂದ ತಿಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆ: ಒಂದು ವರ್ಷದಲ್ಲಿ 100 ಕಿಲೋ ತಾರಲೆ ಹೊಸದಾಗಿ ಬೆಳೆಯುತ್ತದೆ ಎಂದುಕೊಳ್ಳೋಣ. ಅಂಜಲ್, ಟ್ಯೂನಾ, ಡಾಲ್ಫಿನ್‌ಗಳು 60 ಕಿಲೋ ತಿನ್ನುತ್ತವೆ. ಬಲೆ 50 ಕಿಲೋ ಎಳೆಯುತ್ತದೆ. ಒಟ್ಟು 110 ಕಿಲೋ ಆಯಿತು. ಹೆಚ್ಚಿನ 10 ಕಿಲೋ ಮೂಲ ಬಂಡವಾಳದಿಂದಲೇ ಹೋಗಬೇಕು. ಇಂಥದ್ದು ನಾಲ್ಕಾರು ವರ್ಷ ನಡೆದರೆ ಸಂಗ್ರಹ ಕರಗುತ್ತದೆ. ನಿಜವಾದ ಮಾದರಿಯಲ್ಲಿ ಹತ್ತಾರು ಗುಂಪುಗಳಿರುವುದರಿಂದ ಒಂದು ಸಾಲು ತಿದ್ದಿದರೆ ಉಳಿದವೆಲ್ಲ ಅಲುಗುತ್ತವೆ. 2013ರಲ್ಲಿ ಪ್ರಕಟವಾದ ಹಡ್ಸನ್ ಕೊಲ್ಲಿಯ ಇಂತಹ ಒಂದು ಅಧ್ಯಯನ ಬೇಟೆ, ಮೀನುಗಾರಿಕೆ, ಹವಾಮಾನ ಬದಲಾವಣೆ ಈ ಮೂರನ್ನೂ ಒಂದೇ ಪುಸ್ತಕದಲ್ಲಿಟ್ಟು ತೂಗಿತು. ಅಲ್ಲಿ ಇನುಯಿಟರ ಬೇಟೆಯೂ ಲೆಕ್ಕದ ಒಂದು ಭಾಗವಾಯಿತು.

ಕನ್ನಡ ಕರಾವಳಿಗೂ ಇಂಥದೊಂದು ಪುಸ್ತಕವಿದೆಯೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಸುನಿಲ್ ಮೊಹಮದ್, ಪಿ. ಯು. ಜಕರಿಯಾ ಮತ್ತು ಸಂಗಡಿಗರು ಕರ್ನಾಟಕದ ಎದುರಿನ ಅರಬ್ಬಿ ಸಮುದ್ರದ ಆಹಾರ ಜಾಲಕ್ಕೆ ಇಕೋಪಾತ್ ಮಾದರಿಯನ್ನು ಕಟ್ಟಿದರು. ಆ ಸಂಸ್ಥೆ ಅದನ್ನು 2008ರಲ್ಲಿ ಪ್ರಕಟಿಸಿತು. ಮೀನುಗಾರಿಕೆಯ ಒತ್ತಡವನ್ನು ಏರಿಸಿದರೆ ಅಥವಾ ಇಳಿಸಿದರೆ ಮುಂದಿನ ವರ್ಷಗಳ ಇಳುವರಿ ಏನಾಗಬಹುದೆಂದು ಅವರು ಗಣಕಯಂತ್ರದಲ್ಲಿ ಪರೀಕ್ಷಿಸಿದರು. ಮೀನಿಗೆ ಕಾರವಾರದ ಗಡಿರೇಖೆ ಗೊತ್ತಿಲ್ಲ. ಕರ್ನಾಟಕದ ನೀರಿನ ಲೆಕ್ಕವು ಗೋವಾದ ಬುಟ್ಟಿಗೂ ಸಂಬಂಧಪಟ್ಟದ್ದೇ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಶೇಕಡಾ 10ರ ನಿಯಮವಿದೆ. ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಸಾಗುತ್ತದೆ. ತಾರಲೆ ಮೀನು ಸೂಕ್ಷ್ಮ ಸಸ್ಯಗಳನ್ನೂ ಸೂಕ್ಷ್ಮ ಪ್ರಾಣಿಗಳನ್ನೂ ಸೋಸಿ ತಿನ್ನುತ್ತದೆ. ಹಾಗಾಗಿ ಅದು ಸರಪಳಿಯ ಬುಡಕ್ಕೆ ಹತ್ತಿರ; ಅದು ಹೇರಳವಾಗಿ ದೊರೆಯುವುದಕ್ಕೂ ಅಗ್ಗವಾಗಿರುವುದಕ್ಕೂ ಇದೊಂದು ಮುಖ್ಯ ಕಾರಣ. ಅಂಜಲ್ ಮೇಲಿನ ಮೆಟ್ಟಿಲಿನ ಮೀನು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಸೂಕ್ಷ್ಮ ಸಸ್ಯಗಳು ಸಮೃದ್ಧವಾಗಿ ಬೆಳೆದು ತಾರಲೆ, ಬಂಗುಡೆಗಳ ಹೊಟ್ಟೆ ತುಂಬಿಸುತ್ತವೆ.

ಈ ವ್ಯವಸ್ಥೆಯೂ ಕದಲುತ್ತಿದೆ. ಹಿಂದೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿದ್ದ ಹೆಲ್ಗಾ ಗೋಮ್ಸ್, ಜೋಕಿಂ ಗೋಯಿಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಬ್ಬಿ ಸಮುದ್ರದ ಉತ್ತರ ಭಾಗದಲ್ಲಿ ಚಳಿಗಾಲದ ಡಯಾಟಮ್ ಸಸ್ಯಗಳ ಜಾಗವನ್ನು ‘ನಾಕ್ಟಿಲೂಕಾ’ ಎಂಬ ಹಸಿರು ಜೀವಿ ಆಕ್ರಮಿಸುತ್ತಿದೆ ಎಂದು ತೋರಿಸಿದರು. ಆಮ್ಲಜನಕ ಕಡಿಮೆಯಿರುವ ನೀರು ಹಬ್ಬುತ್ತಿರುವುದೇ ಕಾರಣವೆಂಬುದು ಅವರ ವಾದ. ಡಯಾಟಮನ್ನು ತಿನ್ನುವ ಸಣ್ಣ ಜೀವಿಗಳಲ್ಲಿ ಹೆಚ್ಚಿನವು ನಾಕ್ಟಿಲೂಕಾವನ್ನು ತಿನ್ನವು. ಬುಡದ ಮೆಟ್ಟಿಲು ಬದಲಾದರೆ ಮೇಲಿನವು ಹಾಗೆಯೇ ನಿಲ್ಲಲಾರವು. ಇನ್ನು ತಾರಲೆಯ ಏರಿಳಿತಕ್ಕೆ ಕೇರಳದ ಅಂಕಿಗಳೇ ಸಾಕು: 2012ರಲ್ಲಿ ಅಲ್ಲಿ ಹಿಡಿದ ತಾರಲೆ ಸುಮಾರು 3.9 ಲಕ್ಷ ಟನ್. 2021ರಲ್ಲಿ ಕೇವಲ 3,297 ಟನ್. ಕಡಲಿನ ಬಿಸಿ, ಮಳೆಯ ವ್ಯತ್ಯಯ, ಅತಿಯಾದ ಹಿಡಿತ ಇವೆಲ್ಲ ಇಂತಹ ಕುಸಿತದ ಹಿಂದೆ ಹೆಣೆದುಕೊಂಡಿರುತ್ತವೆ. ಅವುಗಳನ್ನು ಬಿಡಿಸಿ ನೋಡುವುದೇ ಮಾದರಿಯ ಕೆಲಸ.

ಆದರೆ ಮೀನಿನ ಲೆಕ್ಕ ಸಾಮಾನ್ಯವಾಗಿ ಧಕ್ಕೆಯಲ್ಲಿ ತೂಕ ಬರೆಯುವಲ್ಲಿಗೆ ನಿಲ್ಲುತ್ತದೆ. ಆ ಬಳಿಕ ಅದು ಎಲ್ಲಿಗೆ ಹೋಯಿತು? ಪಶ್ಚಿಮ ಕರಾವಳಿಯಲ್ಲಿ ಮೀನಿನ ಹಿಟ್ಟು ಹಾಗೂ ಮೀನೆಣ್ಣೆಯ ಕಾರ್ಖಾನೆಗಳಿವೆ. ತಾರಲೆಯೂ ಬಲೆಗೆ ಬಿದ್ದ ಎಳೆಮೀನುಗಳೂ ಅಲ್ಲಿ ಸಿಗಡಿ ಸಾಕಣೆಯ ಮೇವಾಗುತ್ತವೆ. ಸಿಗಡಿ ವಿದೇಶಕ್ಕೆ ಹಡಗು ಏರುತ್ತದೆ. ಬುಡದ ಮೆಟ್ಟಿಲಿನ ಅಗ್ಗದ ಮೀನು ಮೇಲಿನ ಮೆಟ್ಟಿಲಿನ ದುಬಾರಿ ಆಹಾರವಾಗುವಾಗ ನಡುವೆ ಸೋರಿಹೋಗುವುದು ಕೂಲಿಯವನ ಮನೆಯ ಸಾರು. ಕೇರಳವು ತಾರಲೆಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಗಾತ್ರವನ್ನು ಕಾನೂನಿನಿಂದ ಗೊತ್ತುಪಡಿಸಿದ್ದು ಎಳೆಮೀನಿನ ಈ ನಾಶವನ್ನು ತಡೆಯಲೆಂದೇ.

ಲೆಕ್ಕ ಬರೆದವರು ಯಾರೇ ಆಗಲಿ, ತೀರ್ಪು ಕಾನೂನಿನದು. ಸಂವಿಧಾನದ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿಯೊಳಗಿನ ಮೀನುಗಾರಿಕೆ ರಾಜ್ಯದ ಹೊಣೆ; ಅದರಾಚೆಯದು ಕೇಂದ್ರದ್ದು. 1970ರ ದಶಕದಲ್ಲಿ ಗೋವಾದ ರಾಂಪಣಿ ಬಲೆಯ ಮೀನುಗಾರರು ಯಾಂತ್ರಿಕ ದೋಣಿಗಳ ವಿರುದ್ಧ ದೀರ್ಘಕಾಲ ಹೋರಾಡಿದರು; 1980ರಲ್ಲಿ ಗೋವಾ, ದಮನ್ ಮತ್ತು ದಿಯುಗಳ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದಿತು. ಕರ್ನಾಟಕದ ಕಾಯಿದೆ 1986ರದು. ತನ್ನ ಕಡಲಂಚಿನ ನೀರಿನಲ್ಲಿ ಪರ್ಸೀನ್ ಬಲೆಯನ್ನು ಕೇರಳ ನಿಷೇಧಿಸಿದಾಗ, ಸಾಂಪ್ರದಾಯಿಕ ಮೀನುಗಾರರ ಜೀವನೋಪಾಯವನ್ನು ಕಾಯುವ ಆ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ಜೋಸೆಫ್ ಆಂಟನಿ ಪ್ರಕರಣದಲ್ಲಿ ಎತ್ತಿಹಿಡಿಯಿತು. 2017ರ ನವೆಂಬರ್‌ನಲ್ಲಿ ಕೇಂದ್ರವು ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಜೋಡಿ ದೋಣಿಗಳ ಬುಲ್ ಟ್ರಾಲಿಂಗ್ ಅನ್ನೂ ನಿಷೇಧಿಸಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ತಡೆಯಿದೆ. ಈ ಕಾನೂನುಗಳಲ್ಲಿ ಮೀನಿಗೆ ಸ್ಥಾನವಿದೆ, ಹಿಡಿಯುವವನಿಗೂ ಇದೆ. ಕೊಂಡು ಉಣ್ಣುವ ಬಡವನ ಹೆಸರು ಅಪರೂಪ.

ಇಲ್ಲಿಯೇ ಇನುಯಿಟರಿಂದ ಕಲಿಯುವುದಿದೆ. 1977ರಲ್ಲಿ ಸ್ಥಾಪಿತವಾದ ಅವರ ಪರಿಷತ್ತಿನ ಅಲಾಸ್ಕಾ ಶಾಖೆ 2015ರಲ್ಲಿ ಆಹಾರ ಭದ್ರತೆಯ ತನ್ನದೇ ವ್ಯಾಖ್ಯೆಯನ್ನು ಮುಂದಿಟ್ಟಿತು. ಹೊಟ್ಟೆಗೆ ಸಾಕಷ್ಟು ಸಿಗುವುದರೊಡನೆ, ಆ ಆಹಾರದ ಮೂಲದ ಕುರಿತು ತೀರ್ಮಾನಿಸುವ ಅಧಿಕಾರ, ಅದನ್ನು ಮಕ್ಕಳಿಗೆ ಕಲಿಸುವ ಜ್ಞಾನ, ಸಂಸ್ಕೃತಿ ಇವೆಲ್ಲವೂ ಅದರ ಭಾಗವೆಂದು ಸಾರಿತು. 2018ರ ಅಕ್ಟೋಬರ್ 3ರಂದು ಗ್ರೀನ್‌ಲ್ಯಾಂಡಿನ ಇಲುಲಿಸಾಟ್‌ನಲ್ಲಿ ಸಹಿಯಾಗಿ 2021ರಲ್ಲಿ ಜಾರಿಗೆ ಬಂದ ಒಪ್ಪಂದವೊಂದು, ಮಧ್ಯ ಆರ್ಕ್ಟಿಕ್ ಸಾಗರದ ಸ್ಥಿತಿ ತಿಳಿಯುವ ಮುನ್ನ ಅಲ್ಲಿ ವಾಣಿಜ್ಯ ಮೀನುಗಾರಿಕೆ ಬೇಡವೆಂದು ಆರಂಭದಲ್ಲಿ 16 ವರ್ಷಗಳ ತಡೆ ಹಾಕಿದೆ. ವಿಜ್ಞಾನದ ಜೊತೆಗೆ ಮೂಲನಿವಾಸಿಗಳ ತಿಳಿವಳಿಕೆಯನ್ನೂ ಪರಿಗಣಿಸಬೇಕೆಂದಿದೆ. ಮೊದಲು ಲೆಕ್ಕ, ಆಮೇಲೆ ಬಲೆ ಎಂಬುದೇ ಅದರ ತಿರುಳು.

ಅರಬ್ಬಿ ಸಮುದ್ರದಲ್ಲಿ ಬಲೆ ಮೊದಲೇ ಬಿದ್ದಿದೆ. ಆದರೂ ಪುಸ್ತಕದ ಕೊನೆಯ ಸಾಲನ್ನು ತುಂಬಲು ಇನ್ನೂ ಅವಕಾಶವಿದೆ. ಯಾವ ತಿಂಗಳು ಯಾವ ಮೀನು ಪೇಟೆಗೆ ಬಂತು, ಗಾತ್ರವೆಷ್ಟು, ಬೆಲೆಯೆಷ್ಟು, ಮನೆಯವರು ಕೊಂಡರೋ ಬಿಟ್ಟರೋ ಎಂಬುದನ್ನು ಎಂಟನೆಯ ತರಗತಿಯ ಮಗುವೂ ಒಂದು ನೋಟುಪುಸ್ತಕದಲ್ಲಿ ಬರೆಯಬಲ್ಲದು. ತಾಯಿಗೆ, ಮೀನು ಮಾರುವ ಕೊಂಕಣಿ ಹೆಂಗಸಿಗೆ, ಟ್ರಾಲರ್ ಮೇಲೆ ದುಡಿಯುವ ನೆರೆಮನೆಯ ಅಣ್ಣನಿಗೆ ಆ ಉತ್ತರಗಳು ಗೊತ್ತು. ಕನ್ನಡ ಶಾಲೆಯೊಂದು ಎರಡು ಮೂರು ವರ್ಷ ಬಿಡದೆ ಇಂತಹ ದಾಖಲೆ ಇಟ್ಟರೆ, ಅದನ್ನು ಸಡಾ ಗುಡ್ಡದ ಅಥವಾ ದೋನಾಪಾವ್ಲಾದ ವಿಜ್ಞಾನಿಗಳ ಮುಂದೆ ಇಡಲು ಯಾರೂ ಸಂಕೋಚಪಡಬೇಕಿಲ್ಲ. ಜೂನ್–ಜುಲೈ ತಿಂಗಳ ತಡೆ ಮುಗಿದು ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿಯುವ ದಿನ ಆ ನೋಟುಪುಸ್ತಕದ ಮೊದಲ ಪುಟಕ್ಕೆ ತಕ್ಕುದಾದ ದಿನ.