ಶಾಲೆಯ ನಗದು ಪುಸ್ತಕಕ್ಕೂ ಓದುಗರು ಬೇಕು

ಪ್ರತಿ ವರ್ಷ ಶಾಲೆಗಳು ಆರಂಭವಾಗುವ ವೇಳೆಗೆ ಹಳ್ಳಿಯ ಸರ್ಕಾರಿ ಶಾಲೆಗಳಿಂದ ನಮ್ಮ ವರ್ತಕ ಬಾಂಧವರಿಗೆ ಮನವಿಗಳು ಬರುತ್ತವೆ. ನೋಟ್‌ಬುಕ್, ಬೆಂಚು, ಫ್ಯಾನು, ಗೋಡೆಗೆ ಸುಣ್ಣಬಣ್ಣ. ಅನೇಕರು ಉದಾರವಾಗಿ ಕೊಡುತ್ತಾರೆ. ಆದರೆ ಆ ಶಾಲೆಯ ಉಸ್ತುವಾರಿ ಯಾರದು, ಹಣಕಾಸು ಹೇಗೆ ನಡೆಯುತ್ತದೆ ಎಂದು ವಿಚಾರಿಸುವವರು ವಿರಳ.

ಸಮಿತಿಯ ಅಧಿಕಾರ

ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ಕರ್ನಾಟಕ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಎಸ್.ಡಿ.ಎಂ.ಸಿ. ಎಂದು ಬಳಕೆಯಲ್ಲಿರುವುದು ಇವೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಗಳಿಗೆ ಕಾನೂನಿನ ಬಲ ನೀಡಿತು. ಅದರ 21ನೇ ಕಲಮಿನ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು; ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಸರ್ಕಾರ ಅಥವಾ ಇತರ ಯಾವುದೇ ಮೂಲದಿಂದ ಬಂದ ಅನುದಾನದ ಬಳಕೆಯನ್ನು ಪರಿಶೀಲಿಸುವುದು ಸಮಿತಿಯ ಕರ್ತವ್ಯ. ನಾವು ಕೊಡುವ ದೇಣಿಗೆಯೂ ಈ ವ್ಯಾಪ್ತಿಗೆ ಸೇರುತ್ತದೆ.

ಮೊತ್ತ ದೊಡ್ಡದಲ್ಲ. ಸಮಗ್ರ ಶಿಕ್ಷಣ ಯೋಜನೆಯ 2021ರ ಪರಿಷ್ಕರಣೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವಾರ್ಷಿಕ ಅನುದಾನ 10,000 ರೂ., 100ರವರೆಗೆ 25,000 ರೂ., 250ರವರೆಗೆ 50,000 ರೂ. ಎಂದು ನಿಗದಿಯಾಯಿತು. ಸಣ್ಣ ಅಂಗಡಿಯ ಒಂದು ತಿಂಗಳ ಬಾಡಿಗೆಯಷ್ಟು ಹಣದಲ್ಲಿ ವರ್ಷವಿಡೀ ದುರಸ್ತಿ, ಸೀಮೆಸುಣ್ಣ, ಶುಚಿತ್ವ ಎಲ್ಲವೂ ಸಾಗಬೇಕು. ಆದ್ದರಿಂದಲೇ ಪ್ರತಿ ರೂಪಾಯಿಯೂ ಮುಖ್ಯ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ, ಕಂಪ್ಯೂಟರ್ ದಾನ ಮಾಡಲು ಹೊರಟಿದ್ದ ಉದ್ಯಮಿ ಮಿತ್ರರೊಡನೆ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ವೃತ್ತಿಯ ಅಭ್ಯಾಸಬಲದಿಂದ ನಗದು ಪುಸ್ತಕ ಕೇಳಿದೆ. ಮುಖ್ಯ ಶಿಕ್ಷಕರು ಸಂಕೋಚವಿಲ್ಲದೆ ತಂದಿತ್ತರು. ವೋಚರುಗಳೆಲ್ಲ ಕ್ರಮಬದ್ಧವಾಗಿದ್ದವು. ಆದರೆ ಸಮಿತಿಯ ಸದಸ್ಯರು ನಡವಳಿ ಪುಸ್ತಕಕ್ಕೆ ಸಹಿ ಹಾಕಿದ್ದರೇ ಹೊರತು ಈ ಪುಸ್ತಕವನ್ನು ಕಂಡೇ ಇರಲಿಲ್ಲ.

ಅವರ ಮುಂದೆ ಬಾಬ್ತುಗಳನ್ನು ಗಟ್ಟಿಯಾಗಿ ಓದಿದೆ. ನೀರಿನ ಪಂಪಿನ ದುರಸ್ತಿ ಒಂದೇ ವರ್ಷದಲ್ಲಿ ಮೂರು ಬಾರಿ ಬಂದಿತ್ತು. ಮೂಲೆಯಲ್ಲಿದ್ದ ಸದಸ್ಯೆಯೊಬ್ಬರು, "ಆದರೂ ಶೌಚಾಲಯಕ್ಕೆ ನೀರಿಲ್ಲ ಸಾರ್. ನನ್ನ ಮಗಳು ಮಧ್ಯಾಹ್ನಕ್ಕೇ ಮನೆಗೆ ಬಂದುಬಿಡ್ತಾಳೆ" ಎಂದರು. ಯಾರೂ ಹಣ ದುರುಪಯೋಗ ಮಾಡಿರಲಿಲ್ಲ. ಸವೆದ ಪಂಪಿಗೇ ತೇಪೆ ಹಾಕುತ್ತಿದ್ದರು, ಅಷ್ಟೆ. ಮಿತ್ರರು ಕಂಪ್ಯೂಟರ್ ವಿಚಾರ ಬಿಟ್ಟು ಪಂಪು ಕೊಡಿಸಿದರು.

ದಾನಿಗಳ ಗಮನಕ್ಕೆ

ತೆರಿಗೆ ವಿಷಯದಲ್ಲಿ ತಪ್ಪು ಕಲ್ಪನೆ ಬೇಡ. ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯದು, 2,000 ರೂ. ಮೀರಿದ ನಗದು ದಾನಕ್ಕೂ ಇಲ್ಲ. ಅಂಗಡಿಯ ದಾಸ್ತಾನಿನಿಂದಲೇ ಫ್ಯಾನು ಕೊಟ್ಟರೆ, ಅದರ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಕೊಟ್ಟದ್ದು ಸಮಿತಿಯ ನಡವಳಿಯಲ್ಲಿ ಮತ್ತು ಶಾಲೆಯ ದಾಸ್ತಾನು ವಹಿಯಲ್ಲಿ ದಾಖಲಾಗಲಿ.

ವ್ಯಾಪಾರಸ್ಥರಿಗೆ ಲೆಕ್ಕ ಓದುವುದು ದಿನನಿತ್ಯದ ಕೆಲಸ. ಕೂಲಿ ಬಿಟ್ಟು ಸಭೆಗೆ ಬರುವ ಪೋಷಕರಿಗೆ ಅದು ಹೊಸದು. ಸಮಿತಿಯ ಅಧಿಕಾರ ಅವರದೇ, ಅದು ಅವರಲ್ಲಿಯೇ ಉಳಿಯಲಿ. ಮುಖ್ಯ ಶಿಕ್ಷಕರ ಹಾಗೂ ಸಮಿತಿಯ ಒಪ್ಪಿಗೆ ಪಡೆದು ವರ್ಷಕ್ಕೆ ಎರಡು ಸಂಜೆ ಪಕ್ಕದಲ್ಲಿ ಕುಳಿತು, ಜಮಾ ಖರ್ಚನ್ನು ಅವರಿಗೆ ಅರ್ಥವಾಗುವಂತೆ ಓದಿ ಹೇಳಿದರೆ ಸಾಕು. ಮುಂದಿನ ಮನವಿ ಪತ್ರ ಬಂದಾಗ ಚೆಕ್ ಪುಸ್ತಕಕ್ಕಿಂತ ಮೊದಲು ಕನ್ನಡಕ ತೆಗೆದುಕೊಂಡು ಹೋಗೋಣ.