ಹೆಸರಿಲ್ಲದ ಕಾರ್ಡುಗಳ ಜಾಡು

ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲಿನ ಸ್ಲಾಟಿಗೆ ಸಿಕ್ಕಿಸಿ ಅದಕ್ಕೆ ಹೊಸ ಕೆಲಸವೊಂದನ್ನು ಕಲಿಸುತ್ತಿದ್ದ ಬಿಡಿ ಫಲಕವೇ ವಿಸ್ತರಣಾ ಕಾರ್ಡು. ಹಳೆಯ ಸಾಮಾನಿನ ರಾಶಿಯಲ್ಲಿ ಸಿಗುವ ಇಂಥ ಎಷ್ಟೋ ಕಾರ್ಡುಗಳ ಮೇಲೆ ತಯಾರಕರ ಹೆಸರೇ ಇರುವುದಿಲ್ಲ. ಇದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ. 1987ರಲ್ಲಿ ಬಂದ ಕ್ರಿಯೇಟಿವ್ ಮ್ಯೂಸಿಕ್ ಸಿಸ್ಟಮ್ ಎಂಬ ಧ್ವನಿ ಕಾರ್ಡಿನಲ್ಲಿದ್ದ ಎರಡು ಚಿಪ್‌ಗಳು ಫಿಲಿಪ್ಸ್ ಕಂಪನಿಯ ಎಸ್‌ಎಎ1099 ಆಗಿದ್ದರೂ, ಅವುಗಳ ನೆತ್ತಿಗೆ ‘ಸಿಎಂಎಸ್-301’ ಎಂಬ ಕಾಗದದ ಚೀಟಿ ಅಂಟಿಸಲಾಗಿತ್ತು. ಆದ್ದರಿಂದ ಗುರುತು ಹಚ್ಚುವವರು ಕಾರ್ಡಿನ ಮೇಲೆ ಬರೆದದ್ದಕ್ಕಿಂತ, ಯಾವುದಿಲ್ಲದೆ ಆ ಕಾರ್ಡು ಕೆಲಸ ಮಾಡಲಾರದೋ ಅದನ್ನು ಮೊದಲು ನೋಡುವುದು ಲೇಸು.

ಸ್ಲಾಟಿನೊಳಗೆ ಇಳಿಯುವ ಚಿನ್ನದ ಲೇಪದ ಅಂಚಿನಲ್ಲಿ 62 ಸಂಪರ್ಕಪಟ್ಟಿಗಳಷ್ಟೇ ಇದ್ದರೆ ಅದು 1981ರ ಐಬಿಎಂ ಪಿಸಿಯ ಎಂಟು ಬಿಟ್‌ಗಳ ವಿನ್ಯಾಸ. ಅದರ ಮುಂದೆ ಇನ್ನೂ 36 ಇದ್ದರೆ 1984ರ ಪಿಸಿ ಎಟಿಯೊಂದಿಗೆ ಬಂದ ಹದಿನಾರು ಬಿಟ್‌ಗಳ ವಿನ್ಯಾಸ. ಇದರಿಂದ ಕಾರ್ಡಿನ ವಯಸ್ಸು ತಿಳಿಯುವುದಿಲ್ಲ, ಏಕೆಂದರೆ ಅಗ್ಗದ ಎಂಟು ಬಿಟ್‌ಗಳ ಕಾರ್ಡುಗಳು ತೊಂಬತ್ತರ ದಶಕದಲ್ಲೂ ತಯಾರಾಗುತ್ತಿದ್ದವು. ವಯಸ್ಸಿಗೆ ಚಿಪ್‌ಗಳ ಮೇಲಿನ ನಾಲ್ಕಂಕಿಯ ದಿನಾಂಕವೇ ಆಧಾರ: 8723 ಎಂದರೆ 1987ನೆಯ ಇಸವಿಯ 23ನೆಯ ವಾರ, ಮತ್ತು ಇರುವವುಗಳಲ್ಲಿ ತೀರಾ ಈಚಿನ ದಿನಾಂಕಕ್ಕಿಂತ ಮೊದಲು ಆ ಕಾರ್ಡು ಸಿದ್ಧವಾಗಿರಲು ಸಾಧ್ಯವಿಲ್ಲ. ಆದರೆ 7432 ಎಂಬುದು ಸಾಮಾನ್ಯ ತರ್ಕ ಚಿಪ್ಪೊಂದರ ಹೆಸರೂ ಹೌದು. ಅದನ್ನು 1974ರ ದಿನಾಂಕವೆಂದು ಓದಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ನುಡಿಯುವುದು ಸ್ಫಟಿಕ, ಅಂದರೆ ಕಾರ್ಡಿಗೆ ತಾಳ ಹಾಕಿಕೊಡುವ ಪುಟ್ಟ ಲೋಹದ ಡಬ್ಬಿ. ಅದರ ಮೇಲೆ 1.8432 ಮೆಗಾಹರ್ಟ್ಸ್ ಎಂದಿದ್ದರೆ ಅದು ಬಹುಮಟ್ಟಿಗೆ ಸೀರಿಯಲ್ ಪೋರ್ಟಿನ ಕಾರ್ಡು. ಆ ಸಂಖ್ಯೆಯನ್ನು ಹದಿನಾರರಿಂದ ಭಾಗಿಸಿದರೆ 1,15,200 ದೊರೆತು, ಮೋಡೆಮ್‌ಗಳು ಬಳಸುತ್ತಿದ್ದ 9600ರಂಥ ವೇಗಗಳೆಲ್ಲ ಅದರಿಂದ ಶೇಷವಿಲ್ಲದೆ ಹೊರಡುತ್ತವೆ. 16.257 ಇದ್ದರೆ ಏಕವರ್ಣ ಪರದೆಯ ಕಾರ್ಡು, 25.175 ಇದ್ದರೆ ವಿಜಿಎ. ಎರಡು ಸಾಲುಗಳಲ್ಲಿ ಹದಿನೈದು ತೂತುಗಳಿರುವ ಸಾಕೆಟ್ಟು ಜಾಯ್‌ಸ್ಟಿಕ್ಕಿನದೋ ದಪ್ಪ ಕೇಬಲ್ಲಿನ ಈಥರ್‌ನೆಟ್ಟಿನದೋ ಎಂಬ ಗೊಂದಲವನ್ನೂ ಪಕ್ಕದಲ್ಲಿರುವ 20 ಮೆಗಾಹರ್ಟ್ಸ್ ಸ್ಫಟಿಕ ಪರಿಹರಿಸುತ್ತದೆ, ಅದು ಇದ್ದರೆ ಈಥರ್‌ನೆಟ್ ಎನ್ನಲು ಅಡ್ಡಿಯಿಲ್ಲ.

ತಯಾರಕರ ಪತ್ತೆಗೆ ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿ ನೀಡುತ್ತಿದ್ದ ಗುರುತಿನ ಸಂಖ್ಯೆ ನೆರವಾಗುತ್ತದೆ; ಅದರ ಮೊದಲ ಮೂರು ಅಕ್ಷರಗಳು ಅನುಮತಿ ಪಡೆದ ಸಂಸ್ಥೆಯ ಸಂಕೇತ. ಡಾಸ್ ಪರದೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಮೂಡಿಸಲೆಂದು ಪುಣೆಯ ಸಿ-ಡ್ಯಾಕ್ ಹೊರತಂದ ಜಿಸ್ಟ್ ಕಾರ್ಡಿನಂಥವುಗಳಲ್ಲಿ ಇಂಥ ಸಂಖ್ಯೆಯನ್ನು ನಿರೀಕ್ಷಿಸುವಂತಿಲ್ಲ.

ಕೊನೆಯ ದಾರಿ ಕಾರ್ಡಿನ ಮೇಲಿನ ಈಪ್ರಾಮ್, ಅಂದರೆ ತಯಾರಕರು ತಂತ್ರಾಂಶ ತುಂಬಿಟ್ಟ ಚಿಪ್ಪು. ಅದನ್ನು ಓದುವ ಯಂತ್ರಕ್ಕೆ ಹಾಕಿದರೆ ಹಕ್ಕುಸ್ವಾಮ್ಯದ ಸಾಲಿನಲ್ಲಿ ಕಂಪನಿಯ ಹೆಸರೂ ಇಸವಿಯೂ ಅನೇಕ ವೇಳೆ ಸಿಗುತ್ತವೆ. ಆದರೆ ಚಿಪ್ಪಿನ ಗಾಜಿನ ಕಿಂಡಿಯನ್ನು ಮುಚ್ಚಿರುವ ಚೀಟಿಯನ್ನು ಮಾತ್ರ ಕೀಳಬಾರದು, ಒಳಗಿರುವ ಬರಹವನ್ನು ಅಳಿಸಲು ನೇರಳಾತೀತ ಕಿರಣವೇ ಸಾಕು.