ಕಾಮ್, ಸೂದ್, ಪ್ಯಾಸಿಫೈ, ಅಪೀಸ್: ಯಾವುದು ಎಲ್ಲಿ?

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್. ಈರುಳ್ಳಿ ದರ ದಿಢೀರ್ ಕುಸಿಯಿತು, ರೈತರ ಪಿತ್ತ ನೆತ್ತಿಗೇರಿತು ಅಂದುಕೊಳ್ಳಿ. ಸಮಾಧಾನ ಮಾಡೋದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳ್ತೀರಿ?

ಕಾಮ್. ಎಲ್ಲ ಕಡೆ ನಡೆಯುತ್ತೆ. ಆದರೆ ಸಿಟ್ಟಾದವರ ಮುಖಕ್ಕೇ ‘ಕಾಮ್ ಡೌನ್’ ಅಂದ್ರೆ ಸಿಟ್ಟು ಇಮ್ಮಡಿ! ಹಾಂ, ಬರೆಯುವಾಗ ‘ಎಲ್’ ಇದೆ, ಉಚ್ಚರಿಸಬೇಡಿ.

ಸೂದ್. ಇದು ನೋವು, ಉರಿ, ದುಗುಡಕ್ಕೆ. ಬ್ಯಾಡಗಿ ಮೆಣಸಿನಕಾಯಿ ಚೀಲ ಹೊತ್ತ ಹಮಾಲರ ಕೈ ಉರಿಗೆ ಎಣ್ಣೆ ಸವರಿದರೆ ಅದು ಸೂದ್. ಇಲ್ಲಿ ಪ್ಯಾಸಿಫೈ ಹೊಂದಲ್ಲ.

ಪ್ಯಾಸಿಫೈ. ರೊಚ್ಚಿಗೆದ್ದ ಗುಂಪಿಗೆ, ರಚ್ಚೆ ಹಿಡಿದ ಮಗುವಿಗೆ. ಸೇನೆ ಒಂದು ಪ್ರದೇಶವನ್ನು ‘ಪ್ಯಾಸಿಫೈ’ ಮಾಡಿತು ಅಂದ್ರೆ ಎಚ್ಚರ: ಅಲ್ಲಿ ಬಲಪ್ರಯೋಗ ಆಗಿದೆ.

ಪ್ಲೇಕೇಟ್. ದಲಾಲಿ ಅಂಗಡಿಯವರು ಕ್ಷಮೆ ಕೇಳಿ, ತೂಕ ಸರಿಪಡಿಸಿ ರೈತರ ಸಿಟ್ಟಿಳಿಸಿದರೆ ಇದೇ ಪದ.

ಅಪೀಸ್. ಬೇಡಿಕೆಗೆ ಮಣಿದು, ಕೇಳಿದ್ದು ಕೊಟ್ಟು ಬಾಯಿ ಮುಚ್ಚಿಸೋದು. 1938ರ ಮ್ಯೂನಿಕ್ ಒಪ್ಪಂದದಲ್ಲಿ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಮತ್ತಿತರರು ಚೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡನ್ನು ಹಿಟ್ಲರನಿಗೆ ಒಪ್ಪಿಸಿದರು. 1939ರ ಮಾರ್ಚ್‌ನಲ್ಲಿ ಅವನು ಪ್ರಾಗ್‌ಗೇ ನುಗ್ಗಿದ. ಅಂದಿನಿಂದ ರಾಜಕೀಯದಲ್ಲಿ ಅಪೀಸ್‌ಮೆಂಟ್ ಅಂದ್ರೆ ಆರೋಪವೇ.

ನೆನಪಿಡಿ: ಉರಿಗೆ ಸೂದ್, ಗಲಾಟೆಗೆ ಪ್ಯಾಸಿಫೈ, ಮುನಿಸಿಗೆ ಪ್ಲೇಕೇಟ್, ಮಣಿದರೆ ಅಪೀಸ್. ಅನುಮಾನ ಬಂದ್ರೆ ಕಾಮ್ ಸಾಕು.